ಡಿಕಾಕರ್ ಇದ್ದರೆ ಸೇಫ್ಟಿ ಇದ್ದಂತಲ್ಲ

ಪಿಸ್ತೂಲಿನ ತರಬೇತಿಗೆ ಬರುವ ಹಲವರು ಡಿಕಾಕರನ್ನೂ ಒಂದು ಬಗೆಯ ಸೇಫ್ಟಿಯೆಂದೇ ತಿಳಿದಿರುತ್ತಾರೆ. ಸೇಫ್ಟಿಯ ಕೆಲಸ ತಡೆಯುವುದು; ಅದನ್ನು ಹಾಕಿರುವಷ್ಟು ಹೊತ್ತು ಟ್ರಿಗರ್ ಒತ್ತಿದರೂ ಗುಂಡು ಹಾರಬಾರದು. ಡಿಕಾಕರ್ ಹಾಗಲ್ಲ. ಗುಂಡು ಹಾರಿಸಲು ಬಡಿಯುವ, ಎತ್ತಿ ನಿಂತಿರುವ ಸುತ್ತಿಗೆಯನ್ನು, ಅಂದರೆ ಹ್ಯಾಮರನ್ನು, ಅದು ಟ್ರಿಗರ್ ಮುಟ್ಟದೆಯೇ ಕೆಳಗಿಳಿಸುತ್ತದೆ, ಅಷ್ಟೆ.

ಇಳಿಸಿದ ಮೇಲೆ ಪಿಸ್ತೂಲಿನ ಸುರಕ್ಷತೆ ನಿಂತಿರುವುದು ಮೊದಲ ಒತ್ತುವಿಕೆಯ ಬಿಗಿಯ ಮೇಲೆ. ಸಿಗ್ ಪಿ226ರಲ್ಲಿ ಮೊದಲ ಗುಂಡಿಗೆ ಟ್ರಿಗರನ್ನು ಸುಮಾರು 4.5 ಕಿಲೋ ಬಲದಿಂದ, ಉದ್ದಕ್ಕೆ ಎಳೆಯಬೇಕು. ಹ್ಯಾಮರ್ ಎತ್ತಿದ್ದಾಗ ಸುಮಾರು 2 ಕಿಲೋ ಸಾಕು. ಟ್ರಿಗರ್ ಪೂರ್ತಿ ಹಿಂದೆ ಬರುವವರೆಗೆ ಗುಂಡಿನ ಹಿಂಬದಿಗೆ ಕುಟ್ಟುವ ಫೈರಿಂಗ್ ಪಿನ್ನಿಗೆ ಒಳಗೇ ಒಂದು ತಡೆಯೂ ಇರುತ್ತದೆ. ನಮ್ಮ ಪೊಲೀಸರಿಗೆ ಪರಿಚಿತವಾದ, ಇಶಾಪುರ ಕಾರ್ಖಾನೆಯ 9 ಎಂಎಂ 1ಎ ಪಿಸ್ತೂಲು 1935ರ ಬ್ರೌನಿಂಗ್ ಹೈ-ಪವರ್ ವಂಶದ್ದು. ಅದು ಸಿಂಗಲ್ ಆ್ಯಕ್ಷನ್, ಅಂದರೆ ಟ್ರಿಗರ್ ಹ್ಯಾಮರನ್ನು ಬಿಡುತ್ತದೆಯೇ ಹೊರತು ಎತ್ತುವುದಿಲ್ಲ. ಆದ್ದರಿಂದ ಹ್ಯಾಮರ್ ಕೆಳಗಿದ್ದರೆ ಟ್ರಿಗರ್ ಎಷ್ಟು ಒತ್ತಿದರೂ ಪ್ರಯೋಜನವಿಲ್ಲ. ಹ್ಯಾಮರ್ ಎತ್ತಿಟ್ಟೇ ಸಿದ್ಧವಾಗಿರಬೇಕಾದ ಅಲ್ಲಿ ಸೇಫ್ಟಿ ಬೇಕೇ ಬೇಕು, ಡಿಕಾಕರ್ ಇಲ್ಲದಿರುವುದು ಕೊರತೆಯಲ್ಲ.

ಕೊರತೆ ಕಾಣುವುದು ಮೂಲ ಸಿಜಡ್ 75ರಲ್ಲಿ. ಅದು ಡಬಲ್ ಆ್ಯಕ್ಷನ್ ಪಿಸ್ತೂಲಾದರೂ (ಟ್ರಿಗರ್ ಎಳೆದರೆ ಅದೇ ಹ್ಯಾಮರನ್ನು ಎತ್ತಿ ಬಿಡುತ್ತದೆ) ಡಿಕಾಕರ್ ಇಲ್ಲ. ನಳಿಗೆಯ ಬುಡದ ಚೇಂಬರಿನಲ್ಲಿ ಗುಂಡಿರುವಾಗ ಹ್ಯಾಮರ್ ಇಳಿಸಬೇಕೆಂದರೆ ಅದನ್ನು ಹೆಬ್ಬೆರಳಿನಲ್ಲಿ ಹಿಡಿದು, ಟ್ರಿಗರ್ ಒತ್ತಿ, ಮೆಲ್ಲಗೆ ಬಿಡಬೇಕು. ಬೆರಳು ಜಾರಿದರೆ ಗುಂಡು ಹಾರುತ್ತದೆ. ಹೊಸಬರಿಗೆ ಇದನ್ನು ಕಲಿಸಲು ನನಗೆ ಇಷ್ಟವಿಲ್ಲ. ಮುಂದೆ ಬಂದ ಅದರ ‘ಬಿಡಿ’ (BD) ಎಂಬ ಮಾದರಿಯಲ್ಲಿ ಸೇಫ್ಟಿಯನ್ನು ತೆಗೆದು ಡಿಕಾಕರ್ ಇಟ್ಟರು.

ನಿಜವಾದ ಗೊಂದಲವಿರುವುದು ಎರಡೂ ಕೆಲಸವನ್ನು ಒಂದೇ ಲಿವರಿಗೆ ವಹಿಸಿದ ಬೆರೆಟ್ಟಾ 92ಎಫ್‌ಎಸ್‌ನಲ್ಲಿ. ಪಿಸ್ತೂಲಿನ ಮೇಲ್ಭಾಗದಲ್ಲಿ ಹಿಂದೆ ಮುಂದೆ ಸರಿಯುವ ಸ್ಲೈಡಿನ ಮೇಲಿರುವ ಲಿವರನ್ನು ಕೆಳಗೆ ತಳ್ಳಿದರೆ ಹ್ಯಾಮರ್ ಬೀಳುತ್ತದೆ, ಟ್ರಿಗರ್ ಸಂಪರ್ಕ ತಪ್ಪುತ್ತದೆ, ಲಿವರ್ ಅಲ್ಲೇ ನಿಲ್ಲುತ್ತದೆ. ಗುಂಡು ಹಾರಿಸಬೇಕಾದರೆ ಮತ್ತೆ ಮೇಲೆತ್ತಬೇಕು. ಹೈ-ಪವರಿನಲ್ಲಿ ಇದಕ್ಕೆ ತದ್ವಿರುದ್ಧವಾಗಿ, ಸೇಫ್ಟಿಯನ್ನು ಕೆಳಗೊತ್ತಿದರೆ ಪಿಸ್ತೂಲು ಸಿದ್ಧ. ಒಂದರಲ್ಲಿ ಪಳಗಿದ ಹೆಬ್ಬೆರಳು ಇನ್ನೊಂದನ್ನು ಹಿಡಿದಾಗ, ಅವಸರದಲ್ಲಿ, ಹಳೆಯ ದಾರಿಯನ್ನೇ ಹಿಡಿಯುತ್ತದೆ. ಅದಲ್ಲದೆ ಸ್ಲೈಡನ್ನು ಮೇಲಿನಿಂದ ಹಿಡಿದೆಳೆಯುವಾಗ ಅಂಗೈ ತಾಗಿ ಸೇಫ್ಟಿ ತಾನಾಗಿ ಬೀಳುವುದೂ ಉಂಟು. ಲಿವರ್ ತಾನೇ ಮೇಲಕ್ಕೆ ಚಿಮ್ಮುವ, ಕೇವಲ ಡಿಕಾಕರ್ ಇರುವ ಬೆರೆಟ್ಟಾದ ಜಿ ಮಾದರಿಯನ್ನು ಫ್ರಾನ್ಸಿನ ಸೈನಿಕ ಪೊಲೀಸ್ ಪಡೆಯಾದ ಜೆಂಡರ್ಮರಿ ಆರಿಸಿಕೊಂಡಿತು. ಸಮವಸ್ತ್ರದಲ್ಲಿ, ಗಟ್ಟಿ ಹೋಲ್‌ಸ್ಟರಿನಲ್ಲಿ ಒಯ್ಯುವವರಿಗೆ ನನ್ನ ಒಲವೂ ಅದರತ್ತಲೇ. ಸೊಂಟಕ್ಕೆ ಸಿಕ್ಕಿಸಿ ಒಯ್ಯುವವರಿಗೆ ಮಾತ್ರ ಸೇಫ್ಟಿ ಇರುವುದನ್ನೇ ಕೊಡುತ್ತೇನೆ.

ಯಾವ ಮಾದರಿಯೇ ಆಗಲಿ, ಡಿಕಾಕರ್ ಒತ್ತುವಾಗ ಹ್ಯಾಮರ್ ನಿಜವಾಗಿಯೂ ಬೀಳುತ್ತದೆ. ಒಳಗಿನ ಭಾಗ ಸವೆದಿದ್ದರೆ ಗುಂಡು ಹಾರಬಹುದಾದ್ದರಿಂದ, ನಳಿಗೆಯನ್ನು ಮರಳುಗುಡ್ಡೆಯತ್ತ ತಿರುಗಿಸಿಯೇ ಅದನ್ನು ಒತ್ತಬೇಕು.