ಬಿಟ್ಟು ಹೋದವನ ಮೇಲೆ ಯಾಕಿಷ್ಟು ಸಿಟ್ಟು? ಅಮೆರಿಕದ ಕಾಲೇಜ್ ಫುಟ್ಬಾಲ್ ಫ್ಯಾನ್‌ಗಳ ಮನಸ್ಸಿನೊಳಗೆ

2025ರ ಏಪ್ರಿಲ್ 11, ಶುಕ್ರವಾರ. ಅಮೆರಿಕದ ಟೆನೆಸಿ ಯೂನಿವರ್ಸಿಟಿ ಫುಟ್ಬಾಲ್ ಟೀಮಿನ ಪ್ರಾಕ್ಟೀಸಿಗೆ ಅವರ ಕ್ವಾರ್ಟರ್‌ಬ್ಯಾಕ್ ನಿಕೊ ಇಯಾಮಲೆಯಾವಾ ಬರಲೇ ಇಲ್ಲ. ಇಲ್ಲಿ ಫುಟ್ಬಾಲ್ ಅಂದ್ರೆ ನಮ್ಮ ಕಾಲ್ಚೆಂಡು ಅಲ್ಲ, ಬಾಲ್ ಕೈಲಿ ಹಿಡಿದು ಓಡೋ, ಎಸೆಯೋ ಅಮೆರಿಕನ್ ಆಟ. ಕ್ವಾರ್ಟರ್‌ಬ್ಯಾಕ್ ಅಂದ್ರೆ ಟೀಮಿನ ಇಡೀ ಆಟ ನಡೆಸೋನು, ಅವನಿಲ್ಲ ಅಂದ್ರೆ ಏನೂ ನಡೆಯಲ್ಲ. ನಾಲ್ಕು ತಿಂಗಳ ಹಿಂದಷ್ಟೇ ಇದೇ ಹುಡುಗ ಟೆನೆಸಿ ಟೀಮನ್ನ, ಚಾಂಪಿಯನ್ ಯಾರು ಅಂತ ತೀರ್ಮಾನಿಸೋ 12 ಟೀಮುಗಳ ಮೊದಲ ಪ್ಲೇಆಫ್‌ಗೆ ಕರ್ಕೊಂಡು ಹೋಗಿದ್ದ. ಈಗ ದುಡ್ಡು ಜಾಸ್ತಿ ಕೇಳ್ತಿದಾನೆ ಅಂತ ಸುದ್ದಿ ಹಬ್ಬಿತ್ತು. ಮಾರನೇ ದಿನ ಕೋಚ್ ಜಾಷ್ ಹೈಪಲ್, ನಮ್ಮ ಪವರ್ ಟಿ ಗಿಂತ ದೊಡ್ಡವರು ಯಾರೂ ಇಲ್ಲ ಅಂದುಬಿಟ್ರು. ಪವರ್ ಟಿ ಅಂದ್ರೆ ಹೆಲ್ಮೆಟ್ ಮೇಲಿರೋ ಆ ಟಿ ಅಕ್ಷರ. ಆಮೇಲೆ ನಿಕೊ ತನ್ನ ಊರಿಗೆ ಹತ್ತಿರ ಇರೋ ಲಾಸ್ ಏಂಜಲೀಸ್‌ನ ಯುಸಿಎಲ್ಎ ಯೂನಿವರ್ಸಿಟಿ ಸೇರ್ಕೊಂಡ. 20 ವರ್ಷದ ಹುಡುಗ. ಡಿಸೆಂಬರ್‌ವರೆಗೂ ಅವನ ಹೆಸರು ಕೂಗ್ತಿದ್ದ ಜನಾನೇ ಏಪ್ರಿಲ್‌ನಲ್ಲಿ ಅವನಿಗೆ ದ್ರೋಹಿ ಅಂತ ಬೈಯೋಕೆ ಶುರು ಮಾಡಿದ್ರು.

ಕಾಲೇಜ್ ಆಟಕ್ಕೆ ಇಷ್ಟೆಲ್ಲಾ ಯಾಕೆ ಅಂತ ನಮಗೆ ಅನ್ಸತ್ತೆ, ನಮ್ಮಲ್ಲಿ ಇಂಟರ್ ಕಾಲೇಜ್ ಮ್ಯಾಚ್ ಅಂದ್ರೆ ನಾಲ್ಕು ಜನ ಫ್ರೆಂಡ್ಸು, ಒಬ್ಬರು ಪಿಇ ಮೇಷ್ಟ್ರು ಇದ್ರೆ ಹೆಚ್ಚು. ಅಲ್ಲಿ ಹಾಗಲ್ಲ. ಟೆನೆಸಿಯ ನೇಲ್ಯಾಂಡ್ ಸ್ಟೇಡಿಯಂನಲ್ಲಿ 1 ಲಕ್ಷಕ್ಕೂ ಜಾಸ್ತಿ ಜನ ಕೂರ್ತಾರೆ, ಅಂದ್ರೆ ನಮ್ಮ ಚಿನ್ನಸ್ವಾಮಿಯ ಎರಡು ಪಟ್ಟಿಗಿಂತ ಜಾಸ್ತಿ. ಅಲಬಾಮಾ ರಾಜ್ಯದಲ್ಲಿ ಎನ್ಎಫ್ಎಲ್ (ಪ್ರೊಫೆಷನಲ್ ಫುಟ್ಬಾಲ್) ಟೀಮೂ ಇಲ್ಲ, ಎನ್‌ಬಿಎ (ಪ್ರೊಫೆಷನಲ್ ಬಾಸ್ಕೆಟ್‌ಬಾಲ್) ಟೀಮೂ ಇಲ್ಲ, ಇರೋದು ಕಾಲೇಜ್ ಟೀಮೇ, ಹಂಗಾಗಿ ಆ ಕಾಲೇಜಿನ ಮೆಟ್ಟಿಲು ಹತ್ತದೇ ಇರೋರೂ ಅದನ್ನ ನಮ್ದು ಅಂತಾರೆ. ಅಜ್ಜ ನೋಡಿದ ಟೀಮು, ಅಪ್ಪ ನೋಡಿದ ಟೀಮು, ಈಗ ಮಗ ನೋಡ್ತಿದಾನೆ. ಎಂಎಸ್ ಮಾಡೋಕೆ ಹೋದ ನಮ್ಮ ಹುಡುಗ್ರಲ್ಲೂ ಎಷ್ಟೋ ಜನ ಇದೇ ಹುಚ್ಚು ಹತ್ತಿಸ್ಕೊಂಡು ಬರ್ತಾರೆ.

ಮೊದಲೆಲ್ಲಾ ಆಟಗಾರ ಕಾಲೇಜ್ ಬದಲಾಯಿಸೋದು ಸುಲಭ ಇರ್ಲಿಲ್ಲ, ಬದಲಾಯಿಸಿದ್ರೆ ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಿತ್ತು. 2018ರ ಅಕ್ಟೋಬರ್‌ನಲ್ಲಿ ಅಲ್ಲಿನ ಕಾಲೇಜ್ ಕ್ರೀಡೆ ನಡೆಸೋ ಎನ್‌ಸಿಎಎ ಟ್ರಾನ್ಸ್‌ಫರ್ ಪೋರ್ಟಲ್ ತೆಗೀತು, ಹೆಸರು ಹಾಕಿದ್ರೆ ಸಾಕು, ಬೇರೆ ಕಾಲೇಜಿನೋರು ಬಂದು ಮಾತಾಡಬಹುದು, ಹಳೇ ಕೋಚ್ ಪರ್ಮಿಷನ್ ಬೇಕಿಲ್ಲ. 2021ರಲ್ಲಿ ಒಂದು ಸಲ ಬದಲಾಯಿಸಿದ್ರೆ ಕೂರೋದು ಬೇಡ ಅಂದ್ರು. ಅದೇ ವರ್ಷ ಜುಲೈನಿಂದ ಆಟಗಾರರು ತಮ್ಮ ಹೆಸರು, ಮುಖ ಇಟ್ಕೊಂಡು ದುಡ್ಡು ಮಾಡಬಹುದು ಅಂತಾಯ್ತು. 2024ಕ್ಕೆ ಕೋರ್ಟ್ ಕೇಸುಗಳ ಒತ್ತಡದಲ್ಲಿ, ಓದು ಸರಿಯಾಗಿದ್ರೆ ಎಷ್ಟು ಸಲ ಬೇಕಾದ್ರೂ ಹೋಗಬಹುದು ಅನ್ನೋ ಹಂತಕ್ಕೆ ಬಂತು. ಈಗ ವರ್ಷಕ್ಕೆ ಸಾವಿರಾರು ಆಟಗಾರರು ಕಾಲೇಜ್ ಬದಲಾಯಿಸ್ತಾರೆ.

ಆದ್ರೆ ಸಾವಿರಾರು ಜನ ಹೋದ್ರೂ ಎಲ್ಲರ ಮೇಲೂ ಸಿಟ್ಟು ಬರಲ್ಲ. ಕೆಲವರನ್ನ ಫ್ಯಾನ್‌ಗಳು ಇವತ್ತಿಗೂ ತಲೆ ಮೇಲೆ ಹೊತ್ಕೊಂಡು ತಿರುಗ್ತಾರೆ. ನನಗೆ ಕುತೂಹಲ ಇರೋದು ಇಲ್ಲೇ.

ಜೇಲನ್ ಹರ್ಟ್ಸ್ ಕತೆ ನೋಡಿ. ಅಲಬಾಮಾದ ಕ್ವಾರ್ಟರ್‌ಬ್ಯಾಕ್, ಆಡಿದ ಮ್ಯಾಚೆಲ್ಲಾ ಹೆಚ್ಚುಕಮ್ಮಿ ಗೆದ್ದೋನು. 2018ರ ಜನವರಿ 8, ಅಟ್ಲಾಂಟಾ, ನ್ಯಾಷನಲ್ ಚಾಂಪಿಯನ್‌ಶಿಪ್ ಫೈನಲ್, ಎದುರಿಗೆ ಜಾರ್ಜಿಯಾ. ಅರ್ಧ ಆಟಕ್ಕೆ ಅಲಬಾಮಾ 0-13 ಹಿಂದೆ. ಕೋಚ್ ನಿಕ್ ಸೇಬನ್ ಹರ್ಟ್ಸ್‌ನ ಕೂರಿಸಿ, ಮೊದಲ ವರ್ಷದ ಹುಡುಗ ಟುವಾ ಟಾಗೊವೈಲೊವಾನ ಇಳಿಸಿದ್ರು, ಟುವಾ ಓವರ್‌ಟೈಮಲ್ಲಿ 26-23ಕ್ಕೆ ಗೆಲ್ಲಿಸಿದ. ಇಡೀ ದೇಶ ಟಿವಿಲಿ ನೋಡ್ತಿರುವಾಗ ಕೆಲಸ ಕಳ್ಕೊಂಡ ಹರ್ಟ್ಸ್ ಮುಂದಿನ ಸೀಸನ್ ಟುವಾಗೆ ಬ್ಯಾಕಪ್ ಆಗೇ ಇದ್ದ, ಬಿಟ್ಟು ಹೋಗ್ಲಿಲ್ಲ. ಆಮೇಲೆ ಡಿಸೆಂಬರ್ 1, ಅದೇ ಅಟ್ಲಾಂಟಾ, ಅದೇ ಸ್ಟೇಡಿಯಂ, ಅದೇ ಜಾರ್ಜಿಯಾ, ಈ ಸಲ ಟುವಾ ಕಾಲಿಗೆ ಪೆಟ್ಟು ಮಾಡ್ಕೊಂಡು ಹೊರಗೆ ಬಂದ, ಹರ್ಟ್ಸ್ ಒಳಗೆ ಹೋದ, ಸ್ಕೋರ್ ಸಮ ಮಾಡಿ, ಕೊನೆಗೆ ತಾನೇ ಬಾಲ್ ಹಿಡ್ಕೊಂಡು ಓಡಿ 35-28ಕ್ಕೆ ಗೆಲ್ಲಿಸಿದ. ಡಿಗ್ರಿ ಮುಗಿಸಿ ಜನವರಿಲಿ ಓಕ್ಲಹೋಮಾಗೆ ಟ್ರಾನ್ಸ್‌ಫರ್ ಆದ. ಅಲಬಾಮಾದಲ್ಲಿ ಅವನಿಗೆ ಯಾರೂ ಶಾಪ ಹಾಕ್ಲಿಲ್ಲ. 2025ರಲ್ಲಿ ಫಿಲಡೆಲ್ಫಿಯಾ ಪರ ಸೂಪರ್ ಬೌಲ್ (ಎನ್ಎಫ್ಎಲ್ ಫೈನಲ್) ಗೆದ್ದು ಎಂವಿಪಿ, ಅಂದ್ರೆ ಆ ಮ್ಯಾಚಿನ ಬೆಸ್ಟ್ ಆಟಗಾರ, ಆದಾಗಲೂ ಅಲ್ಲಿನೋರಿಗೆ ಅವನು ನಮ್ಮ ಹುಡುಗನೇ.

ನಮ್ಮಲ್ಲೂ ಇದು ಗೊತ್ತಿರೋದೇ. ಕರುಣ್ ನಾಯರ್‌ನ ಕರ್ನಾಟಕ ಟೀಮಿಂದ ಕೈಬಿಟ್ಟಾಗ ಅವರು ವಿದರ್ಭಕ್ಕೆ ಹೋದ್ರು, 2024-25ರ ವಿಜಯ್ ಹಜಾರೆಲಿ ಐದು ಸೆಂಚುರಿ ಹೊಡೆದ್ರು, ಫೈನಲ್‌ನಲ್ಲಿ ಕರ್ನಾಟಕದ ಎದುರೇ ವಿದರ್ಭದ ಕ್ಯಾಪ್ಟನ್ ಆಗಿ ನಿಂತ್ರು. ನಾವ್ಯಾರಾದ್ರೂ ಕರುಣ್‌ಗೆ ದ್ರೋಹಿ ಅಂದ್ವಾ? ಬೇಜಾರಾಗಿದ್ದು ಕೈಬಿಟ್ಟೋರ ಮೇಲೆ. ವಾಪಸ್ ಕರ್ನಾಟಕಕ್ಕೆ ಬಂದಾಗ ಖುಷಿಯಾಯ್ತು.

ಅಂದ್ರೆ ಸಿಟ್ಟು ಹೋಗಿದ್ದಕ್ಕಲ್ಲ. ಯಾರು ಯಾರನ್ನ ಬೇಡ ಅಂದ್ರು ಅನ್ನೋದಕ್ಕೆ. ಹರ್ಟ್ಸ್‌ನ ಬೇಡ ಅಂದಿದ್ದು ಅಲಬಾಮಾ. ಟೆನೆಸಿನ ಬೇಡ ಅಂದಿದ್ದು ನಿಕೊ, ಫ್ಯಾನ್‌ಗಳಿಗೆ ಕಂಡಿದ್ದು ಹಾಗೆ. ಟೀಮನ್ನ ಬೇಡ ಅಂದ್ರೆ ಫ್ಯಾನ್ ಕಿವಿಗೆ ಅದು ನೀನೂ ಬೇಡ ಅಂತ ಕೇಳಿಸತ್ತೆ, ಯಾಕಂದ್ರೆ ಅವನ ತಲೇಲಿ ಟೀಮು ಬೇರೆ ತಾನು ಬೇರೆ ಅಲ್ಲ.

ಇದು ಸುಮ್ನೆ ಹೇಳೋ ಮಾತಲ್ಲ. 1970ರ ದಶಕದಲ್ಲಿ ರಾಬರ್ಟ್ ಚಾಲ್ದೀನಿ ಅನ್ನೋ ಮನಶ್ಶಾಸ್ತ್ರಜ್ಞರು ಮತ್ತವರ ಜೊತೆಯೋರು ಏಳು ಯೂನಿವರ್ಸಿಟಿಗಳಲ್ಲಿ ಸೋಮವಾರ ಕ್ಲಾಸಿಗೆ ಬರೋ ಹುಡುಗ್ರು ಏನು ಹಾಕ್ಕೊಂಡಿದಾರೆ ಅಂತ ಎಣಿಸಿದ್ರು. ಶನಿವಾರ ಕಾಲೇಜ್ ಗೆದ್ದಿದ್ರೆ ಕಾಲೇಜ್ ಹೆಸರಿರೋ ಬಟ್ಟೆ ಜಾಸ್ತಿ, ಸೋತಿದ್ರೆ ಕಮ್ಮಿ. ಆಮೇಲೆ ಫೋನ್ ಮಾಡಿ ಮ್ಯಾಚ್ ಬಗ್ಗೆ ಕೇಳಿದ್ರು. ಗೆದ್ದ ಮ್ಯಾಚಾದ್ರೆ ನಾವು ಗೆದ್ವಿ ಅನ್ನೋರು ಜಾಸ್ತಿ, ಸೋತಿದ್ರೆ ಅವರು ಸೋತ್ರು. ಇನ್ನೂ ಮಜಾ ಅಂದ್ರೆ, ಫೋನಲ್ಲೇ ಒಂದು ಕ್ವಿಜ್ ಮಾಡಿ ನೀವು ಸರಿಯಾಗಿ ಹೇಳ್ಲಿಲ್ಲ ಅಂತ ಮೊದಲೇ ಸ್ವಲ್ಪ ಇರಿಸುಮುರಿಸು ಮಾಡಿದ್ರೆ, ಗೆದ್ದಾಗ ನಾವು ಅನ್ನೋದು, ಸೋತಾಗ ಅವರು ಅನ್ನೋದು ಇನ್ನೂ ಎದ್ದು ಕಾಣ್ತಿತ್ತು. ತಮ್ಮ ಬಗ್ಗೆ ತಮಗೆ ಸಣ್ಣದಾಗಿ ಅನ್ಸಿದಾಗ ಟೀಮಿನ ಗೆಲುವನ್ನ ಹೊದ್ಕೊಳ್ತಾರೆ ಅಂತಾಯ್ತು.

ಇಂಡಿಯಾನಾ ಯೂನಿವರ್ಸಿಟಿಯ ಎಡ್ವರ್ಡ್ ಹರ್ಟ್ ಮತ್ತವರ ಜೊತೆಯೋರು 1992ರಲ್ಲಿ ಪ್ರಕಟ ಮಾಡಿದ ಅಧ್ಯಯನ ಇನ್ನೂ ಒಂದು ಹೆಜ್ಜೆ ಮುಂದೆ. ಫ್ಯಾನ್ ಸ್ಟೂಡೆಂಟ್ಸ್‌ನ ಕೂರಿಸಿ ಕಾಲೇಜ್ ಬಾಸ್ಕೆಟ್‌ಬಾಲ್ ಮ್ಯಾಚ್ ಲೈವ್ ತೋರಿಸಿ, ಆಮೇಲೆ ನೀವು ಡಾರ್ಟ್ಸ್ ಹೇಗೆ ಎಸೀತೀರಿ, ಅಕ್ಷರ ಜೋಡಿಸೋ ಆಟ ಹೇಗೆ ಆಡ್ತೀರಿ, ಈ ಫೋಟೋದಲ್ಲಿರೋರನ್ನ ಡೇಟಿಗೆ ಕರೆದ್ರೆ ಒಪ್ತಾರಾ ಅಂತೆಲ್ಲಾ ಕೇಳಿದ್ರು. ಟೀಮ್ ಸೋತಿದ್ರೆ ತಮ್ಮ ಬಗ್ಗೆನೇ ಕಮ್ಮಿ ಅಂದಾಜು. ಯಾರೋ ಐದು ಜನ ಬಾಸ್ಕೆಟ್ ಮಿಸ್ ಮಾಡಿದ್ದಕ್ಕೆ, ಸೋಫಾ ಮೇಲೆ ಕೂತಿದ್ದ ಹುಡುಗನಿಗೆ ತಾನು ಚೆನ್ನಾಗಿಲ್ಲ ಅನ್ಸತ್ತೆ. ಇಷ್ಟು ಆಳಕ್ಕೆ ಇಳಿದಿರೋ ಟೀಮಿಂದ ಮುಖ್ಯ ಆಟಗಾರ ಎದ್ದು ಹೋದ್ರೆ ನೋವಾಗದೇ ಇರತ್ತಾ? ಆಗತ್ತೆ, ಆ ನೋವು ನಿಜ, ಆಟ ತಾನೇ ಬಿಡ್ರೋ ಅಂತ ನಗೋರಿಗೆ ಅದು ಅರ್ಥ ಆಗಲ್ಲ.

ಸರಿ, ನೋವು ಅರ್ಥ ಆಯ್ತು, ದ್ವೇಷ ಯಾಕೆ? ಎದುರು ಟೀಮಿನ ಮಾಮೂಲಿ ಆಟಗಾರನಿಗೆ ಬೈಯದೇ ಇರೋಷ್ಟು ಕೆಟ್ಟದಾಗಿ ನಮ್ಮವನಾಗಿದ್ದವನಿಗೆ ಯಾಕೆ ಬೈತಾರೆ? ಇದಕ್ಕೆ ಜೋಸೆ ಮಾರ್ಕೆಸ್ ಮತ್ತವರ ಸಹೋದ್ಯೋಗಿಗಳು 1988ರಲ್ಲಿ ಬೆಲ್ಜಿಯಂ ಸ್ಟೂಡೆಂಟ್ಸ್ ಜೊತೆ ಮಾಡಿದ ಕೆಲಸ ಉತ್ತರ ಕೊಡತ್ತೆ. ಒಳ್ಳೆಯವನು, ಕೆಟ್ಟವನು ಅಂತ ಇಬ್ಬಿಬ್ಬರನ್ನ ವರ್ಣಿಸಿ ಮಾರ್ಕ್ಸ್ ಕೊಡೋಕೆ ಹೇಳಿದ್ರೆ, ನಮ್ಮ ಗುಂಪಿನ ಒಳ್ಳೆಯವನಿಗೆ ಹೊರಗಿನ ಒಳ್ಳೆಯವನಿಗಿಂತ ಜಾಸ್ತಿ ಬೀಳ್ತಿತ್ತು, ಅದು ನಿರೀಕ್ಷೆ ಇದ್ದಿದ್ದೇ. ಆದ್ರೆ ನಮ್ಮ ಗುಂಪಿನ ಕೆಟ್ಟವನಿಗೆ ಹೊರಗಿನ ಕೆಟ್ಟವನಿಗಿಂತ ಕಮ್ಮಿ ಬೀಳ್ತಿತ್ತು. ಇದನ್ನ ಕಪ್ಪು ಕುರಿ ಪರಿಣಾಮ ಅಂತಾರೆ. ಹೊರಗಿನವನು ಕೆಟ್ಟವನಾದ್ರೆ ನಮಗೇನು, ನಮ್ಮವನೇ ಹಾಗೆ ಮಾಡಿದ್ರೆ ನಮ್ಮ ಮರ್ಯಾದೆ ಹೋಗತ್ತೆ, ಅದಕ್ಕೆ ಅವನನ್ನ ದೂರ ತಳ್ಳಿ, ಅವನು ಯಾವತ್ತೂ ನಮ್ಮವನಾಗಿರ್ಲಿಲ್ಲ ಅಂತ ಸಾಧಿಸೋಕೆ ಹೊರಡ್ತೀವಿ. ನಿಕೊ ಹೋದ ಮೇಲೆ, ಅವನೇನು ಅಂಥಾ ಆಟಗಾರ ಅಲ್ಲ ಬಿಡಿ ಅನ್ನೋ ಮಾತು ಕೇಳಿಬಂದಿದ್ದು ಇದೇ ದಾರೀಲಿ.

ಅವನು ಸೋತ್ರೆ ಖುಷಿ ಆಗೋದು ಕೂಡ ಇದರದ್ದೇ ಮುಂದಿನ ಭಾಗ. 2025ರ ಸೀಸನ್‌ನಲ್ಲಿ ಯುಸಿಎಲ್ಎ ಮೊದಲ ನಾಲ್ಕೂ ಮ್ಯಾಚ್ ಸೋತಿತು, ಟೆನೆಸಿ ಕಡೆಯೋರಿಗೆ ಹಬ್ಬ. ಬದ್ಧ ಎದುರಾಳಿಗಳಾದ ಯಾಂಕೀಸ್ ಮತ್ತು ರೆಡ್ ಸಾಕ್ಸ್ ಬೇಸ್‌ಬಾಲ್ ಟೀಮುಗಳ ಫ್ಯಾನ್‌ಗಳ ಮೆದುಳನ್ನ ಸ್ಕ್ಯಾನ್ ಮಾಡಿ ಮೀನಾ ಚಿಕಾರಾ ಮತ್ತು ಜೊತೆಯೋರು 2011ರಲ್ಲಿ ತೋರಿಸಿದ್ದು ಏನಂದ್ರೆ, ನಮ್ಮ ಟೀಮ್ ಗೆದ್ದಾಗ ಚುರುಕಾಗೋ, ಬಹುಮಾನಕ್ಕೆ ಸ್ಪಂದಿಸೋ ಮೆದುಳಿನ ಭಾಗ, ಎದುರಾಳಿ ಯಾರೋ ಮೂರನೇ ಟೀಮಿಗೆ ಸೋತಾಗಲೂ ಚುರುಕಾಗತ್ತೆ. ನಮಗೇನೂ ಲಾಭ ಇಲ್ಲದ ಸೋಲು, ಆದ್ರೂ ಖುಷಿ. ಅಂಥಾ ಸ್ಪಂದನೆ ಜಾಸ್ತಿ ಇದ್ದೋರು, ಎದುರು ಫ್ಯಾನ್‌ಗಳಿಗೆ ಬೈಯೋ ಹೊಡೆಯೋ ಸಾಧ್ಯತೆ ಇದೆ ಅಂತಾನೂ ಜಾಸ್ತಿ ಹೇಳಿದ್ರಂತೆ. ನನ್ನನ್ನ ಹೆದರಿಸೋದು ಈ ಕೊನೇ ಸಾಲು.

ಟೆನೆಸಿಯ ನಾಕ್ಸ್‌ವಿಲ್‌ನಲ್ಲೇ ಇದನ್ನ ಕಣ್ಣಾರೆ ನೋಡಬಹುದಿತ್ತು. ಲೇನ್ ಕಿಫಿನ್ ಅನ್ನೋ ಕೋಚ್ ಒಂದೇ ಸೀಸನ್ ಇದ್ದು 2010ರ ಜನವರಿಲಿ ಯುಎಸ್‌ಸಿ ಅನ್ನೋ ಇನ್ನೊಂದು ಯೂನಿವರ್ಸಿಟಿಗೆ ಹೊರಟಾಗ, ರಾತ್ರಿ ಸ್ಟೂಡೆಂಟ್ಸ್ ಬೀದಿಗಿಳಿದು ಹಾಸಿಗೆ ಸುಟ್ಟಿದ್ರು. 2021ರ ಅಕ್ಟೋಬರ್ 16ಕ್ಕೆ ಅದೇ ಕಿಫಿನ್ ಓಲ್ ಮಿಸ್ (ಮಿಸಿಸಿಪ್ಪಿ ಯೂನಿವರ್ಸಿಟಿ) ಕೋಚ್ ಆಗಿ ಅದೇ ಸ್ಟೇಡಿಯಂಗೆ ಬಂದ್ರು, ಹನ್ನೊಂದು ವರ್ಷ ಕಳೆದಿತ್ತು. ಮ್ಯಾಚ್ ಕೊನೆಗೆ ಒಂದು ತೀರ್ಪು ಟೆನೆಸಿ ವಿರುದ್ಧ ಬಂದಿದ್ದೇ ತಡ, ಮೈದಾನಕ್ಕೆ ಬಾಟಲಿ, ಕಸ, ಸಾಸಿವೆ ಸಾಸ್ ಡಬ್ಬಿ ಎಲ್ಲಾ ಬಿತ್ತು, ಕಿಫಿನ್‌ಗೆ ಒಂದು ಗಾಲ್ಫ್ ಬಾಲ್ ಬಂದು ಬಡೀತು. ಆಟ ನಿಲ್ಲಿಸಬೇಕಾಯ್ತು, ಯೂನಿವರ್ಸಿಟಿಗೆ 2.5 ಲಕ್ಷ ಡಾಲರ್ ದಂಡ ಬಿತ್ತು. ಗಾಲ್ಫ್ ಬಾಲ್ ಕೈಗೆ ತಾನಾಗೇ ಸಿಗೋ ವಸ್ತು ಅಲ್ಲ, ಯಾರೋ ಮನೆಯಿಂದ ಜೇಬಲ್ಲಿಟ್ಟುಕೊಂಡು ಬಂದಿರಬೇಕು.

ಆದ್ರೆ ಕಿಫಿನ್ ದೊಡ್ಡ ಮನುಷ್ಯ, ಮಿಲಿಯನ್ ಲೆಕ್ಕದಲ್ಲಿ ಸಂಬಳ ತಗೊಳೋ ಕೋಚ್, ತಡ್ಕೊಂಡ್ರು. ಅದೇ ಸಿಟ್ಟು 19-20 ವರ್ಷದ ಹುಡುಗನ ಫೋನಿಗೆ, ಅವನ ಅಮ್ಮನ ಫೋನಿಗೆ ಮೆಸೇಜ್ ಆಗಿ ಹೋಗತ್ತೆ ಅನ್ನೋದು ನನಗೆ ಒಪ್ಪೋಕೆ ಆಗ್ತಿಲ್ಲ. ಕೋಚ್‌ಗಳು ದಶಕಗಳಿಂದ ಕಾಂಟ್ರಾಕ್ಟ್ ಅರ್ಧಕ್ಕೆ ಬಿಟ್ಟು ಜಾಸ್ತಿ ದುಡ್ಡಿನ ಕಡೆ ಹೋಗ್ತಾನೇ ಇದಾರೆ, ಕರ್ಕೊಂಡು ಬಂದ ಹುಡುಗ್ರನ್ನ ಅಲ್ಲೇ ಬಿಟ್ಟು. ಕಾಲೇಜುಗಳು ಟಿವಿ ದುಡ್ಡಿಗೋಸ್ಕರ ನೂರು ವರ್ಷದ ಹಳೇ ಲೀಗ್ ಬಿಟ್ಟು ಬೇರೆ ಲೀಗ್ ಸೇರಿದಾವೆ, ಯುಸಿಎಲ್ಎ, ಯುಎಸ್‌ಸಿ 2024ರಲ್ಲಿ ಮಾಡಿದ್ದು ಅದೇ. ಎಲ್ಲರೂ ದುಡ್ಡಿನ ಲೆಕ್ಕ ನೋಡ್ತಿರುವಾಗ ಆಟಗಾರ ಒಬ್ಬನೇ ಪ್ರೀತಿಗೋಸ್ಕರ ಆಡಬೇಕು ಅನ್ನೋದು ಯಾವ ನ್ಯಾಯ?

ಪ್ರೀತಿ ಮತ್ತು ದುಡ್ಡು ಒಂದೇ ಕಡೆ ಸೇರಿರೋದ್ರಿಂದಾನೇ ಇಷ್ಟು ಗೋಜಲು ಅಂತ ನನಗನ್ಸತ್ತೆ. ಮಾರ್ಗರೆಟ್ ಕ್ಲಾರ್ಕ್ ಮತ್ತು ಜಡ್ಸನ್ ಮಿಲ್ಸ್ 1979ರಲ್ಲಿ ಎರಡು ಥರದ ಸಂಬಂಧಗಳ ಬಗ್ಗೆ ಬರೆದ್ರು, ಒಂದು ಮನೆಯವರ, ಸ್ನೇಹಿತರ ಥರ ಲೆಕ್ಕ ಇಡದೇ ಕೊಡೋದು, ಇನ್ನೊಂದು ಅಂಗಡಿ ವ್ಯವಹಾರದ ಥರ ಕೊಟ್ಟಿದ್ದಕ್ಕೆ ತಗೊಳೋದು. ಪ್ರಯೋಗದಲ್ಲಿ, ಆತ್ಮೀಯತೆ ಬಯಸ್ತಿದ್ದವರಿಗೆ ಮಾಡಿದ ಸಹಾಯಕ್ಕೆ ಆ ಕಡೆಯೋರು ತಕ್ಷಣ ಲೆಕ್ಕ ಚುಕ್ತಾ ಮಾಡಿದ್ರೆ ಅವರ ಮೇಲಿನ ಇಷ್ಟ ಕಮ್ಮಿ ಆಗ್ತಿತ್ತು, ವ್ಯವಹಾರ ಅಂದ್ಕೊಂಡಿದ್ದವರಿಗೆ ಅದೇ ಚುಕ್ತಾ ಇಷ್ಟ ಆಗ್ತಿತ್ತು. ಫ್ಯಾನ್ ಮೊದಲನೇ ಥರದಲ್ಲಿ ಬದುಕ್ತಾನೆ, ಆಟಗಾರನಿಗೆ 2021ರಿಂದ ಎರಡನೇ ಥರ ಸಿಕ್ಕಿದೆ. ಅದರ ಮೇಲೆ, ಆಟಗಾರರಿಗೆ ದುಡ್ಡು ಕೊಡೋಕೆ ಅಂತ ಹುಟ್ಕೊಂಡ ಕಲೆಕ್ಟಿವ್‌ಗಳು ಫ್ಯಾನ್‌ಗಳ ಹತ್ರಾನೇ ತಿಂಗಳ ಚಂದಾ ಎತ್ತಿದ್ವು. ಪ್ರೀತಿಯಿಂದ ಕೊಟ್ಟ ದುಡ್ಡು ಸಂಬಳ ಆಗಿ ಹೋಗತ್ತೆ, ಕೊಟ್ಟೋನು ಅದನ್ನ ಋಣ ಅಂದ್ಕೋತಾನೆ, ತಗೊಂಡೋನು ಮಾಡಿದ ಕೆಲಸದ ಕೂಲಿ ಅಂದ್ಕೋತಾನೆ. ಇಬ್ಬರದ್ದೂ ಸುಳ್ಳಲ್ಲ.

ಇಷ್ಟೆಲ್ಲಾ ಆದ್ಮೇಲೆ ಟೆನೆಸಿ ಏನು ಮಾಡ್ತು ಗೊತ್ತಾ? ಯುಸಿಎಲ್ಎಯಲ್ಲಿ ಜೋಯಿ ಅಗಿಲಾರ್ ಅಂತ ಒಬ್ಬ ಕ್ವಾರ್ಟರ್‌ಬ್ಯಾಕ್ ಇದ್ದ, ಅಪ್ಪಲಾಚಿಯನ್ ಸ್ಟೇಟಿಂದ ಅಲ್ಲಿಗೆ ಬಂದು ಕೆಲವೇ ತಿಂಗಳಾಗಿತ್ತು, ನಿಕೊ ಬಂದಿದ್ದರಿಂದ ಅವನ ಜಾಗ ಹೋಯ್ತು. ಟೆನೆಸಿ ಅವನನ್ನೇ ಕರ್ಕೊಂಡು ಬಂತು. ಆಗಲೇ ಹಲವು ಕಾಲೇಜು ಸುತ್ತಿದ್ದ ಆ ಹುಡುಗ 2025ರ ಸೀಸನ್‌ನಲ್ಲಿ ಟೆನೆಸಿಯ ಕ್ವಾರ್ಟರ್‌ಬ್ಯಾಕ್ ಆದ, ನೇಲ್ಯಾಂಡ್ ಸ್ಟೇಡಿಯಂನಲ್ಲಿ ಕೇಸರಿ ಬಟ್ಟೆ ಹಾಕ್ಕೊಂಡ ಲಕ್ಷ ಜನ ಅವನಿಗೆ ಚಪ್ಪಾಳೆ ಹೊಡೆದ್ರು. ಇದನ್ನ ನಾನು ಬೂಟಾಟಿಕೆ ಅನ್ನಲ್ಲ. ಬಂದೋನು ನಮ್ಮನ್ನ ಆರಿಸ್ಕೊಂಡ, ಹೋದೋನು ಆರಿಸ್ಕೊಳ್ಲಿಲ್ಲ, ಫ್ಯಾನ್ ಮನಸ್ಸಿಗೆ ಬೇಕಿರೋದು ಅಷ್ಟೇ, ಮತ್ತೆ ಅದೇ ಮನಸ್ಸು ಇಷ್ಟು ಬೇಗ ಹೊಸಬನನ್ನ ಅಪ್ಪಿಕೊಳ್ಳತ್ತೆ ಅನ್ನೋದು ನನಗೆ ಸ್ವಲ್ಪ ಸಮಾಧಾನ ಕೊಡೋ ವಿಷಯಾನೂ ಹೌದು.

2025ರ ಜೂನ್‌ನಲ್ಲಿ ಕೋರ್ಟ್ ಒಂದು ದೊಡ್ಡ ರಾಜಿಗೆ ಒಪ್ಪಿಗೆ ಕೊಟ್ಟಿದೆ, ಕಾಲೇಜುಗಳೇ ನೇರವಾಗಿ ಆಟಗಾರರಿಗೆ ದುಡ್ಡು ಕೊಡಬಹುದು, ಮೊದಲ ವರ್ಷಕ್ಕೆ ಒಂದು ಕಾಲೇಜಿಗೆ ಸುಮಾರು 2.05 ಕೋಟಿ ಡಾಲರ್ ಮಿತಿ. ಇದರ ಜೊತೆಗೆ ಅರ್ಧಕ್ಕೆ ಬಿಟ್ರೆ ಇಷ್ಟು ವಾಪಸ್ ಕೊಡಬೇಕು ಅನ್ನೋ ಕರಾರುಗಳೂ ಬರ್ತಿದಾವೆ, ಆದ್ರೆ ಕಾಲೇಜ್ ತಾನೇ ಆಟಗಾರನನ್ನ ಅರ್ಧಕ್ಕೆ ಕೈಬಿಟ್ರೆ ಏನು ಕೊಡತ್ತೆ ಅನ್ನೋದನ್ನೂ ಅಷ್ಟೇ ಸ್ಪಷ್ಟವಾಗಿ ಬರೀಬೇಕು ಅಂತ ನನ್ನ ಒತ್ತಾಯ. ಎರಡೂ ಕಡೆಯ ಮಾತು ಕಾಗದದ ಮೇಲೆ ಇದ್ರೆ, ಹುಡುಗ ಎಷ್ಟು ವರ್ಷಕ್ಕೆ ಬಂದಿದಾನೆ ಅಂತ ಫ್ಯಾನ್‌ಗೆ ಮೊದಲ ದಿನಾನೇ ಗೊತ್ತಿರತ್ತೆ, ಅವನು ಕೊಡದೇ ಇರೋ ಮಾತಿಗೆ ಅವನನ್ನ ಹಿಡ್ಕೊಳೋದಾದ್ರೂ ಕಮ್ಮಿ ಆಗತ್ತೆ.