ತಲೆಯ ಹಿಂದಿನ ಗಾಯ

‘ಅವನೇ ಮೊದಲು ಬಂದಿದ್ದು ಸಾರ್, ನನ್ನ ಮೇಲೆ ಯಾಕೆ ಕೇಸು?’ ಆತ್ಮರಕ್ಷಣೆಗೆ ಹೊಡೆದೆ ಅನ್ನುವವರ ಈ ಮಾತು ಕ್ರಿಮಿನಲ್ ವಕೀಲರಿಗೆ ಹೊಸದೇನಲ್ಲ. ನಾನು ಮೊದಲು ಕೇಳುವುದು, ಗಾಯ ಎಲ್ಲೆಲ್ಲಿ ಆಗಿದೆ ಅಂತ.

ಬದುವಿನ ಜಗಳದ ಒಂದು ಕೇಸು. ಪಕ್ಕದ ಜಮೀನಿನವನು ಕುಡುಗೋಲು ಬೀಸಿಕೊಂಡು ಬಂದ. ನಮ್ಮ ಕಕ್ಷಿದಾರರ ಅಂಗೈ ಸೀಳಿತು. ಇವರು ಗುದ್ದಲಿ ಕಾವಿನಿಂದ ಅವನ ಮುಂಗೈಗೆ ಹೊಡೆದರು, ಕುಡುಗೋಲು ಕೆಳಗೆ ಬಿತ್ತು. ಅಲ್ಲಿಗೆ ನಿಲ್ಲಿಸಿದ್ದರೆ ನನಗೆ ಜಾಸ್ತಿ ಕೆಲಸವೇ ಇರುತ್ತಿರಲಿಲ್ಲ. ಆದರೆ ಅವನ ವೂಂಡ್ ಸರ್ಟಿಫಿಕೇಟಿನಲ್ಲಿ, ಅಂದರೆ ಗಾಯಗಳ ಬಗ್ಗೆ ವೈದ್ಯರು ಬರೆದುಕೊಟ್ಟ ಪತ್ರದಲ್ಲಿ, ಇನ್ನೊಂದು ಗಾಯ ಇತ್ತು, ತಲೆಯ ಹಿಂಭಾಗದಲ್ಲಿ. ಬರಿಗೈಲಿ ಓಡುತ್ತಿದ್ದವನಿಗೆ ಬಿದ್ದ ಏಟು ಅದು ಅಂತ ಪ್ರಾಸಿಕ್ಯೂಷನ್ ಪಟ್ಟು ಹಿಡಿಯಿತು.

ಆತ್ಮರಕ್ಷಣೆಯ ಹಕ್ಕು ಈಗ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮಿನವರೆಗೆ ಇದೆ. ಹಳೆಯ ಐಪಿಸಿಯಲ್ಲಿ 96ರಿಂದ 106. 40ನೇ ಕಲಮಿನ ಪ್ರಕಾರ ದೇಹಕ್ಕೆ ಅಪಾಯ ಇದೆ ಎಂಬ ಭಯಕ್ಕೆ ತಕ್ಕ ಕಾರಣ ಇದ್ದರೆ ಸಾಕು, ಹಕ್ಕು ಶುರುವಾಯಿತು. ಏಟು ಬೀಳುವ ತನಕ ಕಾಯಬೇಕಿಲ್ಲ. ಆ ಭಯ ಇರುವಷ್ಟು ಹೊತ್ತೂ ಹಕ್ಕು ಇರುತ್ತದೆ. ಹೋಯಿತೋ, ಹಕ್ಕೂ ಹೋಯಿತು.

ಓಡಿಹೋಗಬೇಕಿತ್ತು ಅಂತ ಕಾನೂನು ಹೇಳುವುದಿಲ್ಲ. 2010ರ ದರ್ಶನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಗಾಬರಿಯಲ್ಲಿರುವವನು ಏಟನ್ನು ತಕ್ಕಡಿಯಲ್ಲಿ ತೂಗಿ ಹೊಡೆಯೋಕಾಗಲ್ಲ, ಅಲ್ವಾ? ಸ್ವಲ್ಪ ಹೆಚ್ಚುಕಮ್ಮಿ ಆದರೆ ಕೋರ್ಟು ಸಹಿಸುತ್ತದೆ. ಆದರೆ ‘ನಾಳೆ ನೋಡ್ಕೋತೀನಿ’ ಅಂದವನ ಮನೆಗೆ ಇವತ್ತೇ ನುಗ್ಗಿ ಹೊಡೆದರೆ ಸಹಿಸಲ್ಲ. ಪೊಲೀಸರ ಹತ್ತಿರ ಹೋಗಲು ಸಮಯ ಇದ್ದರೆ 37ನೇ ಕಲಮು ಈ ಹಕ್ಕನ್ನೇ ಕೊಡುವುದಿಲ್ಲ.

ಪ್ರಾಣ ತೆಗೆಯುವವರೆಗೂ ಹೋಗಬಹುದಾದ ಸಂದರ್ಭಗಳು ಕಡಿಮೆ. ಸಾವಿನ ಅಥವಾ ತೀವ್ರ ಗಾಯದ ಭಯ, ಅತ್ಯಾಚಾರ, ಆ್ಯಸಿಡ್ ದಾಳಿ, ಅಪಹರಣ ಇಂಥವು 38ರಲ್ಲಿವೆ. ಹಗಲಲ್ಲಿ ತೋಟಕ್ಕೆ ಬಂದು ಸುಮ್ನೆ ಎರಡು ಗೊನೆ ಅಡಿಕೆ ಕದ್ದವನು ಆ ಪಟ್ಟಿಯಲ್ಲಿಲ್ಲ.

ಆತ್ಮರಕ್ಷಣೆಗಾಗಿ ಹೊಡೆದೆ ಅಂತ ತೋರಿಸುವ ಹೊರೆ ಆರೋಪಿಯ ಮೇಲೆಯೇ. ಪೂರ್ತಿ ಸಾಬೀತು ಮಾಡಬೇಕಿಲ್ಲ, ಹಾಗೆ ನಡೆದಿರುವ ಸಾಧ್ಯತೆಯೇ ಹೆಚ್ಚು ಅಂತ ಕಂಡರೆ ಸಾಕು. ಅದಕ್ಕೇ ನಿಮ್ಮ ಮೈಮೇಲಿನ ಗಾಯಕ್ಕೆ ಅಷ್ಟು ಬೆಲೆ. ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಗಾಯದ ಕಾನೂನು ದಾಖಲೆಯಾದ ಎಂಎಲ್‌ಸಿ ಮಾಡಿಸಿ. ನಮ್ಮ ಕಕ್ಷಿದಾರರು ಅಂಗೈಗೆ ಅರಿಶಿನ ಒತ್ತಿ, ಪಂಚೆ ಹರಿದು ಕಟ್ಟಿಕೊಂಡು ಮನೆಯಲ್ಲೇ ಉಳಿದಿದ್ದರು. ಸಾಕ್ಷಿ ಕಟಕಟೆಯಲ್ಲಿ ಕೈ ಚಾಚಿ ತೋರಿಸುವಾಗ ಅಲ್ಲಿದ್ದದ್ದು ಒಂದು ತೆಳು ಗೆರೆ ಮಾತ್ರ.