ಪದ ಪರಿಚಯ: ಸೋಕಿಂಗ್

ನಿಖರ ಅಳತೆಯ ಕೋಣೆಯಲ್ಲಿ ‘ಪೀಸ್ ಸೋಕಿಂಗ್‌ಗೆ ಇಟ್ಟಿದೆ’ ಎಂದರೆ ಅದನ್ನು ಈಗಲೇ ಅಳೆಯಬೇಡಿ ಎಂದರ್ಥ. ಇಂಗ್ಲಿಷಿನಲ್ಲಿ ಈ ಪದಕ್ಕೆ ನೆನೆಸಿಡುವುದು ಎಂಬ ಅರ್ಥವಿದೆ. ಇಲ್ಲಿ ವಸ್ತು ನೆನೆಯುವುದು ಕೋಣೆಯ ಉಷ್ಣತೆಯಲ್ಲಿ. ಅಳೆಯಬೇಕಾದ ಭಾಗ, ಅಳೆಯುವ ಉಪಕರಣ, ಹೋಲಿಕೆಯ ಮಾಸ್ಟರ್ (ಅಳತೆ ಮೊದಲೇ ಗೊತ್ತಿರುವ ಮಾದರಿ ತುಂಡು) ಮೂರೂ ಒಂದೇ ಉಷ್ಣತೆಗೆ ಬರುವವರೆಗೆ ಕಾಯುವುದೇ ಸೋಕಿಂಗ್. ಕನ್ನಡದ ‘ಸೋಕು’ವಿಗೂ ಇದಕ್ಕೂ ನಂಟಿಲ್ಲ. ಆದರೆ ಕೈ ಸೋಕದಂತೆ ನೋಡಿಕೊಳ್ಳುವುದೇ ಇದರಲ್ಲಿ ಅರ್ಧ ಕೆಲಸ.

ಬರಬೇಕಾದದ್ದು 20 ಡಿಗ್ರಿ ಸೆಲ್ಸಿಯಸ್‌ಗೆ. ಕೈಗಾರಿಕೆಯ ಉದ್ದದ ಅಳತೆಗಳಿಗೆ ಇದೇ ಆಧಾರವೆಂದು ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಸಮಿತಿ 1931ರಲ್ಲಿ ಒಪ್ಪಿತು. ಡ್ರಾಯಿಂಗಿನಲ್ಲಿ ಬೇರೆ ಸೂಚನೆ ಇಲ್ಲದಿದ್ದರೆ ಅಲ್ಲಿ ಬರೆದ ಅಳತೆ 20 ಡಿಗ್ರಿಯದ್ದೇ.

ಉಕ್ಕು ಪ್ರತಿ ಡಿಗ್ರಿಗೆ ಮೀಟರಿಗೆ ಸುಮಾರು 11.5 ಮೈಕ್ರಾನ್ (ಮಿ.ಮೀ.ನ ಸಾವಿರದ ಒಂದು ಭಾಗವೇ ಮೈಕ್ರಾನ್) ಹಿಗ್ಗುತ್ತದೆ. ಅಂದರೆ 100 ಮಿ.ಮೀ. ಸ್ಲಿಪ್ ಗೇಜ್ (ಅಳತೆಗೆ ಆಧಾರವಾಗುವ ನಿಖರ ಉದ್ದದ ಉಕ್ಕಿನ ತುಂಡು) ಒಂದೇ ಡಿಗ್ರಿ ಬಿಸಿಯಾದರೂ 1.15 ಮೈಕ್ರಾನ್ ಉದ್ದವಾಗುತ್ತದೆ. ಆ ಉದ್ದದ, ನಿಖರತೆಯಲ್ಲಿ ‘0’ ದರ್ಜೆಯ ಗೇಜಿಗೆ ಇರುವ ಹೆಚ್ಚು-ಕಡಿಮೆಯ ಅವಕಾಶ ಬರೀ 0.30 ಮೈಕ್ರಾನ್. ಬೆರಳಲ್ಲಿ ಸ್ವಲ್ಪ ಹೊತ್ತು ಹಿಡಿದರೆ ಸಾಕು, ದರ್ಜೆಗೆ ಅರ್ಥ ಉಳಿಯುವುದಿಲ್ಲ. ಕೈಗವಸು, ಚಿಮಟ ಬಳಸುವುದು ಇದಕ್ಕಾಗಿಯೇ.

‘ಭಾಗವೂ ಅದನ್ನು ಅಳೆಯುವ ಮೈಕ್ರೊಮೀಟರೂ ಒಂದೇ ಬಿಸಿಯಲ್ಲಿದ್ದರೆ ಸಾಲದೇ?’ ಎಂದು ಹಲವರು ಕೇಳುತ್ತಾರೆ. ಎರಡೂ ಉಕ್ಕಾಗಿದ್ದರೆ ಬಹುಮಟ್ಟಿಗೆ ಸಾಕು. ಅಲ್ಯೂಮಿನಿಯಂ ಬಂದಾಗ ಲೆಕ್ಕ ತಪ್ಪುತ್ತದೆ, ಏಕೆಂದರೆ ಅದು ಉಕ್ಕಿನ ಎರಡರಷ್ಟು ಹಿಗ್ಗುತ್ತದೆ. 30 ಡಿಗ್ರಿಯಲ್ಲಿ 200 ಮಿ.ಮೀ. ಅಲ್ಯೂಮಿನಿಯಂ ಭಾಗ 46 ಮೈಕ್ರಾನ್ ಬೆಳೆದಿರುತ್ತದೆ, ಉಕ್ಕಿನ ಅಳತೆಗೋಲು 23 ಮಾತ್ರ. ಉಳಿದ 23 ಮೈಕ್ರಾನ್ ಅಷ್ಟೂ ರೀಡಿಂಗಿನಲ್ಲಿ ಹೆಚ್ಚಾಗಿ ಕಾಣುತ್ತದೆ. ಅಲ್ಲಿ 20 ಡಿಗ್ರಿಗೆ ತರಬೇಕು, ಇಲ್ಲವೇ ಲೆಕ್ಕ ಹಾಕಿ ತಿದ್ದಬೇಕು.

ಎಷ್ಟು ಹೊತ್ತು ಇಡಬೇಕು ಎಂಬುದಕ್ಕೆ ಒಂದೇ ಉತ್ತರವಿಲ್ಲ. ವ್ಯತ್ಯಾಸ ಒಂದೇ ವೇಗದಲ್ಲಿ ಇಳಿಯದೆ ಅರ್ಧಕ್ಕರ್ಧ ಕರಗುತ್ತಾ ಹೋಗುತ್ತದೆ. 15 ನಿಮಿಷಕ್ಕೆ ಅರ್ಧವಾಗುವ ಭಾಗ 10 ಡಿಗ್ರಿ ಬಿಸಿ ಇದ್ದರೆ, ಒಂದು ಗಂಟೆಯ ನಂತರವೂ 0.6 ಡಿಗ್ರಿ ಉಳಿದಿರುತ್ತದೆ. ಕೈಗೆ ಅದು ತಣ್ಣಗೇ ಅನಿಸುತ್ತದೆ, ಮೋಸ ಹೋಗುವುದು ಇಲ್ಲೇ. ಭಾಗವನ್ನು ಒರೆಸಿ, ಅಗಲ ಮುಖ ಕೆಳಗಾಗಿ, ದಪ್ಪ ಲೋಹದ ಪ್ಲೇಟಿನ ಮೇಲೆ ಮಾಸ್ಟರ್ ಜೊತೆಗೇ ಇಡಿ; ಮರದ ಮೇಜಿನ ಮೇಲೆ ಬಹಳ ನಿಧಾನ. ಎ.ಸಿ. ಗಾಳಿ ನೇರ ಬೀಸುವಲ್ಲಿ, ಕಿಟಕಿಯ ಬಿಸಿಲಿನಲ್ಲಿ ಬೇಡ. ಸಣ್ಣ ಗೇಜಿಗೆ ಗಂಟೆ-ಎರಡು ಗಂಟೆ, ದೊಡ್ಡ ಎರಕದ ಭಾಗಕ್ಕೆ ಇಡೀ ರಾತ್ರಿ. ಗಡಿಯಾರವನ್ನು ನಂಬುವುದಕ್ಕಿಂತ 15 ನಿಮಿಷದ ಅಂತರದಲ್ಲಿ ಎರಡು ರೀಡಿಂಗ್ ತೆಗೆಯುವುದು ಮೇಲು. ಎರಡನೆಯದು ಮೊದಲಿನದಕ್ಕಿಂತ ಸರಿದಿದ್ದರೆ ಇನ್ನೂ ಆಗಿಲ್ಲ.

ಇನ್ನು ತೇವಾಂಶ. ಅದರಿಂದ ಉಕ್ಕು ಉದ್ದವಾಗದು, ಆದರೆ ತುಕ್ಕು ಹಿಡಿಯುತ್ತದೆ. ಸಾಪೇಕ್ಷ ಆರ್ದ್ರತೆ ಸುಮಾರು 60 ಶೇಕಡಾ ದಾಟಿದರೆ ತುಕ್ಕಿನ ವೇಗ ಏರುತ್ತದೆ. ಗ್ರಾನೈಟ್ ಸರ್ಫೇಸ್ ಪ್ಲೇಟನ್ನು (ಅಳತೆಗೆ ಆಧಾರವಾಗುವ ಸಮತಟ್ಟು ಕಲ್ಲು) ನೀರಿನ ದ್ರಾವಣದಿಂದ ಒರೆಸಿದರೆ ಆರುವಾಗ ಮೇಲ್ಮೈ ತಣ್ಣಗಾಗಿ ಪ್ಲೇಟ್ ತುಸು ಬಾಗುತ್ತದೆ. ಅದಕ್ಕೂ ಸೋಕಿಂಗ್ ಬೇಕು. ತೀರಾ ಒಣಗಾಳಿಯೂ ಒಳ್ಳೆಯದಲ್ಲ. 40 ಶೇಕಡಾಕ್ಕಿಂತ ಕೆಳಗಿಳಿದರೆ ಸ್ಥಿರವಿದ್ಯುತ್ತಿನಿಂದ ಸೂಕ್ಷ್ಮ ತಕ್ಕಡಿಯ ಅಂಕಿ ನಿಲ್ಲುವುದೇ ಇಲ್ಲ.

ಹೆಚ್ಚು ಹಾನಿ ಆಗುವುದು ತಣ್ಣನೆಯ ಗೇಜನ್ನು ಹೊರಗೆ ಒಯ್ಯುವಾಗ. ಹೊರಗೆ 30 ಡಿಗ್ರಿ, 70 ಶೇಕಡಾ ಆರ್ದ್ರತೆ ಇದ್ದರೆ ಆ ಗಾಳಿಯ ಇಬ್ಬನಿ ಬಿಂದು (ಗಾಳಿಯ ತೇವ ನೀರಾಗತೊಡಗುವ ಉಷ್ಣತೆ) ಸುಮಾರು 24 ಡಿಗ್ರಿ. 20 ಡಿಗ್ರಿಯ ಗೇಜ್ ಅದಕ್ಕಿಂತ ತಣ್ಣಗಿರುವುದರಿಂದ ಪೆಟ್ಟಿಗೆ ತೆರೆದೊಡನೆ ಅದರ ಮೈಮೇಲೆ ನೀರಿನ ತೆಳು ಪದರ ಕೂರುತ್ತದೆ. ಹಾಗಾಗಿ ಪೆಟ್ಟಿಗೆ ಗಾಳಿಯಾಡದಂತೆ ಮುಚ್ಚಿರಲಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಇರಲಿ, ಗೇಜ್ ಹೊರಗಿನ ಉಷ್ಣತೆಗೆ ಬರುವವರೆಗೆ ಮುಚ್ಚಳ ತೆಗೆಯಬೇಡಿ. ನೀರು ಪೆಟ್ಟಿಗೆಯ ಹೊರಮೈ ಮೇಲೆ ಕೂತು ಆರಿಹೋಗುತ್ತದೆ.